ಕೋಣೆ ಇಲ್ಲವೆಂಬ ಪ್ರಮಾಣಪತ್ರ

ಜೂನ್ ೪

ಅಣ್ಣಾ,

ನೀನು ಕಳಿಸಿದ ತೆರಿಗೆ ಇಲಾಖೆಯ ನೋಟೀಸು ತಲುಪಿತು. ದಿನಾ ಬೆಳಗ್ಗೆ ಹಲ್ಲು ಕಟ್ಟುವ ಲ್ಯಾಬಿಗೆ ಹೋದರೆ ಯಾರ್ಯಾರದೋ ಬಾಯಿಯ ಅಚ್ಚು ನನ್ನ ಮೇಜಿನ ಮೇಲೆ ಕಾದಿರುತ್ತದೆ, ಅವರು ತಿಂದದ್ದೂ ಅದಕ್ಕೆ ಅಂಟಿಕೊಂಡಿರುತ್ತದೆ. ಅದನ್ನು ತೊಳೆದು, ಮೇಣ ಕೆತ್ತಿ, ಹಲ್ಲು ಕೂರಿಸುವವಳು ನಾನು. ಅಂಥ ನನಗೇ ಆ ನೋಟೀಸು ಓದಿ ವಾಕರಿಕೆ ಬಂತು ಅಂದರೆ ನೀನೇ ಯೋಚಿಸು. 'ಸದರಿ ಮಹಿಳೆಯು ಈ ದೇಶದ ನಿವಾಸಿಯಾಗಿದ್ದು, ಹೊರದೇಶದ ಆದಾಯವನ್ನು ಮರೆಮಾಚಿ...' ಸದರಿ ಮಹಿಳೆಯಂತೆ! ಮರೆಮಾಚಿದ್ದಳಂತೆ! ಥೂ.

ಎಂಟು ವರ್ಷವಾಯಿತು ನಾನು ಊರು ಬಿಟ್ಟು ಈ ಪರದೇಶಕ್ಕೆ ಬಂದು, ನಡುವೆ ಒಮ್ಮೆಯೂ ಊರಿಗೆ ಬರಲಾಗಲಿಲ್ಲ. ಇಲ್ಲಿ ಸಂಬಳ ಕೈಗೆ ಬರುವ ಮೊದಲೇ ತೆರಿಗೆ ಮುರಿದುಕೊಳ್ಳುತ್ತಾರೆ. ಈಗ ಅಲ್ಲಿಯವರೂ ಬಾಯಿ ತೆರೆದು ನಿಂತಿದ್ದಾರೆ. ನಿಮ್ಮ ಬೀದಿಯ ಆಡಿಟರ್ ಹತ್ತಿರ ಫೋನಿನಲ್ಲಿ ಮಾತಾಡಿದೆ. ಅವರು ಕಡ್ಡಿ ಮುರಿದ ಹಾಗೆ ಹೇಳಿದರು: "ನೋಡಿ ಮೇಡಂ, ಬ್ಯಾಂಕಲ್ಲಿ ಖಾಯಂ ವಿಳಾಸ ಅಂತ ನಿಮ್ಮಣ್ಣನ ಮನೆ ಕೊಟ್ಟಿದ್ದೀರಿ. ಅಲ್ಲಿ ನಿಮಗೆ ಅಂತಲೇ ಒಂದು ಕೋಣೆ ಬೇರೆ ಇದೆ ಅಂತೀರಿ. ಎರಡು ದೇಶದವರೂ ನಮ್ಮೋಳು ಅಂತ ಎಳೆದಾಡೋವಾಗ ಖಾಯಂ ಮನೆ ಎಲ್ಲಿದೆ ಅಂತ ನೋಡ್ತಾರೆ. ಯಾವಾಗ ಬಂದರೂ ಮಲಗೋಕೆ ಜಾಗ ಇದ್ರೆ ನೀವು ಇಲ್ಲಿಯವರೇ. ಇಷ್ಟೂ ವರ್ಷದ ರಿಟರ್ನ್ ಹಾಕಿ ಅಂತಾರೆ, ದಂಡ ಬೇರೆ."

ಇದಕ್ಕೆ ಒಂದೇ ದಾರಿಯಂತೆ. ನನಗೆ ನಿನ್ನ ಮನೆಯಲ್ಲಿ ಕೋಣೆ ಇಲ್ಲ ಅಂತ ನೀನು ನೋಟರಿಯ ಮುಂದೆ ಪ್ರಮಾಣಪತ್ರ ಬರೆದುಕೊಡಬೇಕು. ಕಾಗದದ ಮೇಲೆ ಇಲ್ಲ ಅನ್ನು, ಸಾಕು. ಕೋಣೆ ಮಾತ್ರ ಎಲ್ಲಿಗೂ ಹೋಗುವುದು ಬೇಡ. ಕೊನೆಗೆ ನಾನು ಬಂದು ಬೀಳುವುದು ಅಲ್ಲಿಗೇ, ನನಗೆ ಬೇರೆ ಠಿಕಾಣಿ ಇಲ್ಲ. ನೀನು ಉಜ್ಜಿ ಕೊಟ್ಟ ಬೀಗದ ಕೈ ಇವತ್ತಿಗೂ ನನ್ನ ಪರ್ಸಿನಲ್ಲಿದೆ.

ಫೋನಿನಲ್ಲಿ ನಿನಗೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧಕ್ಕೆ ಅತ್ತಿಗೆ ಉತ್ತರ ಕೊಡುತ್ತಾರೆ. ಅದಕ್ಕೇ ಕಾಗದ ಬರೆದೆ. ಬೇಗ ಬರಿ.

ನಿನ್ನ,
ಸದರಿ ಮಹಿಳೆ


ಜೂನ್ ೧೯

ಪುಟ್ಟಿಗೆ ಆಶೀರ್ವಾದ.

ನಿನ್ನ ಕಾಗದ ಎರಡೆರಡು ಸಲ ಓದಿದೆ. ಏನೇ ಇದು? ಒಡಹುಟ್ಟಿದ ಅಣ್ಣ ನಾನು, 'ನನ್ನ ತಂಗಿಗೆ ನನ್ನ ಮನೆಯಲ್ಲಿ ಜಾಗವಿಲ್ಲ' ಅಂತ ಬರೆದು ಸಹಿ ಹಾಕಬೇಕೇ? ಇಷ್ಟು ವರ್ಷದಿಂದ ಬೀಗ ರಿಪೇರಿ ಮಾಡುತ್ತಿದ್ದೇನೆ. ಊರಿನ ಅರ್ಧ ಬಾಗಿಲು ನನ್ನ ಕೈಗೆ ತೆರೆಯುತ್ತದೆ, ಕರೆಯದೆ ಒಂದು ಮನೆಯೊಳಗೂ ಕಾಲಿಟ್ಟವನಲ್ಲ. ಅಂಥವನ ಬಾಯಲ್ಲಿ ಸುಳ್ಳು ಪ್ರಮಾಣ ಹೇಳಿಸುತ್ತೀಯಲ್ಲ, ನಿನಗೆ ಹೇಗೆ ಮನಸ್ಸು ಬಂತು?

ಆದರೂ ನೀನು ಹೇಳಿದ್ದಕ್ಕೆ ಆಡಿಟರ್ ಆಫೀಸಿಗೆ ಹೋಗಿ ಬಂದೆ. ಏನು ಕೊಳಕು ಜಾಗವೋ! ಮೇಜಿನ ಮೇಲೆ ಇಂಕಿನ ಪ್ಯಾಡು, ಅದರ ಮೇಲೆ ಟೀ ಲೋಟ, ಲೋಟದಲ್ಲಿ ಸತ್ತ ನೊಣ. ಆ ಮನುಷ್ಯ ನಿನ್ನ ಒಂದೊಂದು ಹಾಳೆಯನ್ನೂ ಹೆಬ್ಬೆರಳು ನೆಕ್ಕಿ ನೆಕ್ಕಿ ತಿರುಗಿಸಿದ. "ಏನ್ ಯಜಮಾನರೇ, ಇದ್ರಲ್ಲಿ ಯೋಚನೆ ಮಾಡೋದೇನಿದೆ? ಎಲ್ಲಾರೂ ಬರ್ಕೊಡ್ತಾರೆ" ಅಂದ. ಎಲ್ಲರೂ ಬರೆದುಕೊಡಲಿ, ನಾನು ಎಲ್ಲರಲ್ಲಿ ಒಬ್ಬನಲ್ಲ ಅಂದು ಎದ್ದು ಬಂದೆ.

ನಿನ್ನ ಕೋಣೆ ನೀನು ಬಿಟ್ಟು ಹೋದ ಹಾಗೇ ಇದೆ. ವಾರಕ್ಕೊಮ್ಮೆ ಕಿಟಕಿ ತೆಗೆದು ಗಾಳಿಯಾಡಿಸುತ್ತೇನೆ. ನಿನ್ನ ಹಸಿರು ಟ್ರಂಕು, ಗೋಡೆಯ ಕನ್ನಡಿ, ಎಲ್ಲ ಇದ್ದಲ್ಲೇ ಇವೆ. ಹೋದ ತಿಂಗಳು ಮಂಚದ ಒಂದು ಕಾಲು ಮುರಿದಿತ್ತು, ಸರಿ ಮಾಡಿಸಿದೆ. ಇದನ್ನೆಲ್ಲ ಇಟ್ಟುಕೊಂಡು ಇಲ್ಲ ಅಂತ ಬರೆ ಅನ್ನುತ್ತೀಯ. ಅಲ್ಲೇ ನೆಲೆ ನಿಂತು ನಮ್ಮಿಂದ ಕೈ ತೊಳೆದುಕೊಳ್ಳುವ ಯೋಚನೆ ಇದ್ದರೆ ನೇರ ಹೇಳಿಬಿಡು.

ಅದಿರಲಿ, ನಿನ್ನ ಅಕ್ಷರ ಯಾಕೆ ಹೀಗೆ ಕಾಗೆಕಾಲು ಗುಬ್ಬಿಕಾಲು ಆಗಿದೆ? ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದವಳು. ನಾವೆಲ್ಲ ಚೆನ್ನಾಗಿದ್ದೇವೆ ಅಂತ ಅತ್ತಿಗೆ ಬರೆಯಲು ಹೇಳಿದಳು, ಬರೆದಿದ್ದೇನೆ.

ಅಣ್ಣ


ಜುಲೈ ೨

ಅಣ್ಣಾ,

ಬಸ್ಸಿನಲ್ಲಿ ಕೂತು ಬರೆದಿದ್ದೆ, ಅದಕ್ಕೇ ಅಕ್ಷರ ಹಾಗೆ. ಇದೂ ಬಸ್ಸಿನಲ್ಲೇ. ನನ್ನನ್ನು ಈಗ ಲ್ಯಾಬಿನಲ್ಲಿ ಮೇಲ್ವಿಚಾರಕಿ ಮಾಡಿದ್ದಾರೆ. ಹೊಸದಾಗಿ ಸೇರಿದವರಿಗೆ ಕಲಿಸಿದರೆ ಸಾಕು, ಕೈ ಕೊಳೆ ಮಾಡಿಕೊಳ್ಳುವ ಕೆಲಸವಿಲ್ಲ.

ಕೈ ತೊಳೆದುಕೊಳ್ಳುವುದಂತೆ! ನಿನ್ನ ಬಾಯಿಗೆ ಒಂದು ಬೀಗ ಜಡಿ. ನಾನು ಇಲ್ಲಿ ಪಡುವ ಪಾಡು ನಿನಗೆ ಗೊತ್ತಿದ್ದರೆ ಈ ಮಾತು ಬರುತ್ತಿರಲಿಲ್ಲ. ನಾನು ಇಲ್ಲಿಯ ನಿವಾಸಿ ಅಂತ ಇಲ್ಲಿಯ ಇಲಾಖೆಯಿಂದಲೂ ಒಂದು ಪತ್ರ ಬೇಕಂತೆ. ಹೋಗಿದ್ದೆ. ಗಾಜಿನ ಕಿಟಕಿಯ ತುಂಬ ಜನರ ಬೆರಳಿನ ಜಿಡ್ಡು. ಹಿಂದೆ ಕೂತ ಹೆಂಗಸು ಉಗುರು ಕತ್ತರಿಸಿಕೊಳ್ಳುತ್ತಲೇ ಪ್ರಶ್ನೆ ಕೇಳಿದಳು.

"ನಿಮ್ಮ ಸಾಮಾನೆಲ್ಲ ಎಲ್ಲಿದೆ?"

"ಒಂದು ಟ್ರಂಕು ಊರಲ್ಲಿದೆ. ಇಲ್ಲಿರೋದೆಲ್ಲ ಬಾಡಿಗೆ ಕೋಣೆಯವರದ್ದು."

"ನಿಮಗೇನಾದರೂ ಆದರೆ ಯಾರಿಗೆ ತಿಳಿಸಬೇಕು?"

"ಅಣ್ಣನಿಗೆ."

"ಅಂದರೆ ನೀವು ಅಲ್ಲಿಯವರೇ ಅಂತಾಯ್ತಲ್ಲ" ಅಂದಳು. ಒಂದು ಉಗುರು ಸಿಡಿದು ನನ್ನ ಫಾರ್ಮಿನ ಮೇಲೆ ಬಿತ್ತು. ಅವಳು ಅದನ್ನು ಊದಿದಳು, ಅಷ್ಟೆ. ಅಸಹ್ಯ ಅಣ್ಣ, ಮೈಯೆಲ್ಲ ಪರಚಿಕೊಳ್ಳುವ ಹಾಗಾಯಿತು. ಕಾಡಿ ಬೇಡಿ ಪತ್ರ ತಂದೆ, ಅದೂ ಈ ವರ್ಷದ್ದೊಂದೇ. ಉಳಿದ ವರ್ಷಗಳಿಗೆ ನಿನ್ನ ಪ್ರಮಾಣಪತ್ರವೇ ಗತಿ.

ನಿನ್ನ ಸತ್ಯವಂತಿಕೆ ನನಗೂ ಗೊತ್ತು. ಆದರೆ ಒಂದು ಸುಳ್ಳಿಗೆ ನಿನ್ನ ತೂಕವೇನೂ ಇಳಿಯುವುದಿಲ್ಲ, ಬರೆದುಕೊಡು. ಅಂದ ಹಾಗೆ, ಯಾರೂ ಮಲಗದ ಮಂಚದ ಕಾಲು ಹೇಗೆ ಮುರಿಯಿತು?

ಪುಟ್ಟಿ


ಜುಲೈ ೩೦

ಪುಟ್ಟಿ,

ಮಂಚಕ್ಕೆ ಗೆದ್ದಲು ಹಿಡಿದಿತ್ತು. ಔಷಧಿ ಹೊಡೆಸಿದ್ದೇನೆ, ನೀನು ತಲೆ ಕೆಡಿಸಿಕೊಳ್ಳಬೇಡ. ನೋಟರಿ ಊರಲ್ಲಿಲ್ಲ. ಇದ್ದರೂ ನನಗೆ ಪುರುಸೊತ್ತಿಲ್ಲ, ಒಂದು ಶಾಲೆಯವರು ಅಷ್ಟೂ ಕೋಣೆಗಳಿಗೆ ಹೊಸ ಬೀಗ ಹೇಳಿದ್ದಾರೆ. ಮೇಲ್ವಿಚಾರಕಿ ಆದದ್ದು ಕೇಳಿ ಬಹಳ ಸಂತೋಷವಾಯಿತು. ಒಳ್ಳೆಯ ಕೆಲಸ ಸಿಕ್ಕಿದೆ, ಇನ್ನೂ ಹತ್ತು ವರ್ಷ ಅಲ್ಲೇ ಗಟ್ಟಿಯಾಗಿ ನಿಲ್ಲು. ಇಲ್ಲಿಗೆ ಬರುವ ಗಡಿಬಿಡಿ ಏನೂ ಬೇಡ.

ಅಣ್ಣ


ಆಗಸ್ಟ್ ೧೧

ಅಣ್ಣಾ,

ಕಬ್ಬಿಣದ ಮಂಚಕ್ಕೆ ಗೆದ್ದಲಾ? ನಿನಗೆ ಅರಳುಮರಳೇ ಹಿಡಿಯಿತೋ, ಇಲ್ಲ ನನ್ನನ್ನು ಬೆಪ್ಪುತಕ್ಕಡಿ ಅಂದುಕೊಂಡಿದ್ದೀಯೋ? ಇಲಿ, ಗೆದ್ದಲು, ಯಾವುದಾದರೂ ಇರಲಿ, ನನಗೆ ಈಗ ಮಂಚದ ಚಿಂತೆಯಿಲ್ಲ. ಈ ತಿಂಗಳ ಕೊನೆಗೆ ಉತ್ತರ ಹೋಗದಿದ್ದರೆ ನನ್ನನ್ನು ನಿವಾಸಿ ಅಂತಲೇ ತೀರ್ಮಾನಿಸಿ, ಎಂಟು ವರ್ಷದ ರಿಟರ್ನ್ ಒಟ್ಟಿಗೆ ಕೇಳುತ್ತಾರೆ. ಇಷ್ಟು ವರ್ಷ ಕಂಡವರ ಎಂಜಲು ತೊಳೆದು ಉಳಿಸಿದ್ದು ಅಷ್ಟೂ ಗುಡಿಸಿಕೊಂಡು ಹೋಗುತ್ತದೆ. ಆಮೇಲೆ ನನಗೆ ಉಳಿಯುವುದು ಆ ಕೋಣೆ ಒಂದೇ.

ನಿನಗೆ ನಿನ್ನ ಹೆಸರು ದೊಡ್ಡದೋ, ನಾನು ದೊಡ್ಡವಳೋ? ಸತ್ಯ ಸತ್ಯ ಅಂತ ಎದೆ ತಟ್ಟಿಕೊಳ್ಳುವವರನ್ನು ಕಂಡರೆ ನನಗೆ ಈಗೀಗ ಮೈ ಉರಿಯುತ್ತದೆ. ನೀನೂ ಆ ಸಾಲಿಗೆ ಸೇರಬೇಡ.

ಪುಟ್ಟಿ


ಆಗಸ್ಟ್ ೨೭

ಪುಟ್ಟಿ,

ಆಯಿತು, ಸಹಿ ಹಾಕಿ ಆಡಿಟರ್ ಕೈಗೆ ಕೊಟ್ಟೆ. ನೋಟರಿಯ ಮೇಜು ಕೋರ್ಟಿನ ಹೊರಗೆ, ಮೂತ್ರಾಲಯದ ಗೋಡೆಗೆ ತಾಗಿ ಇದೆ. ಮೂಗು ಮುಚ್ಚಿಕೊಂಡೇ ಪ್ರಮಾಣ ಮಾಡಬೇಕಾಯಿತು. ಅವನು ಓದಿ ಹೇಳಿದ್ದನ್ನು ಹಾಗೇ ಬರೆದಿದ್ದೇನೆ:

'ನನ್ನ ತಂಗಿಯಾದ ಸದರಿಯವರಿಗೆ ನನ್ನ ಮನೆಯಲ್ಲಿ ಕೋಣೆಯಾಗಲಿ, ಹಾಸಿಗೆಯಾಗಲಿ, ಬೀಗದ ಕೈಯಾಗಲಿ ಇರುವುದಿಲ್ಲ. ಬಂದಲ್ಲಿ ಅತಿಥಿಯಾಗಿ ಮಾತ್ರ ಉಳಿಯತಕ್ಕದ್ದು. ಇದು ನನ್ನ ಅರಿವಿನ ಮಟ್ಟಿಗೆ ಸತ್ಯ.'

"ಇದೆಲ್ಲ ನಿಜ ತಾನೇ?" ಅಂತ ನೋಟರಿ ಕೇಳಿದ. ಹೌದು ಅಂದೆ. ಕೈ ನಡುಗುತ್ತದೆ ಅಂದುಕೊಂಡಿದ್ದೆ, ನಡುಗಲಿಲ್ಲ. ಮನೆಗೆ ಬಂದು ಸ್ನಾನ ಮಾಡಿದೆ. ನಿನಗೆ ಒಳ್ಳೆಯದಾದರೆ ಸಾಕು. ಈ ವಿಷಯ ಇನ್ನು ಎತ್ತಬೇಡ.

ಅಣ್ಣ


ಸೆಪ್ಟೆಂಬರ್ ೯

ಅಣ್ಣಾ,

ಓದಿ ಅತ್ತೆ. ನಾನು ಅಳುವವಳಲ್ಲ, ಗೊತ್ತಲ್ಲ. ಒಂದು ಸಣ್ಣ ಸುಳ್ಳಿಗೂ ನಾಲಿಗೆ ಕಚ್ಚಿಕೊಳ್ಳುವ ಮನುಷ್ಯನನ್ನು ಆ ಗಬ್ಬು ಗೋಡೆಯ ಪಕ್ಕ ನಿಲ್ಲಿಸಿ ಇಷ್ಟು ದೊಡ್ಡ ಸುಳ್ಳು ಹೇಳಿಸಿದೆನಲ್ಲ, ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅದನ್ನು ಬರೆದದ್ದು ನೀನಲ್ಲ, ನಾನು ಅಂತ ತಿಳಿದುಕೋ. ಹಿಂದಿನ ಕಾಗದದಲ್ಲಿ ಬಾಯಿಗೆ ಬಂದ ಹಾಗೆ ಅಂದದ್ದನ್ನು ಹೊಟ್ಟೆಗೆ ಹಾಕಿಕೋ.

ಕಿಟಕಿಯ ಕೊಂಡಿಗೆ ಎರಡು ಹನಿ ಎಣ್ಣೆ ಬಿಟ್ಟಿರು, ಅದು ಮೊದಲಿನಿಂದಲೂ ಬಿಗಿ. ಮಂಚವನ್ನು ಕಿಟಕಿಯ ಹತ್ತಿರಕ್ಕೆ ಎಳೆದಿಡು. ಯಾಕೆ ಅಂತ ಈಗ ಕೇಳಬೇಡ.

ಪುಟ್ಟಿ


ಸೆಪ್ಟೆಂಬರ್ ೨೮

ಪುಟ್ಟಿ,

ಇಲಾಖೆಯಿಂದ ಒಬ್ಬ ಇನ್‌ಸ್ಪೆಕ್ಟರ್ ಹೇಳದೆ ಕೇಳದೆ ಮನೆ ನೋಡಲು ಬಂದಿದ್ದ. ಚಪ್ಪಲಿ ಹಾಕಿಕೊಂಡೇ ಎಲ್ಲ ಕಡೆ ಓಡಾಡಿದ, ಮುಚ್ಚಿದ ಬಾಗಿಲು ತೆಗೆದು ನೋಡಿದ. ಎಲ್ಲ ಸರಿಹೋಯಿತು, ನೀನು ಗೆದ್ದ ಹಾಗೇ. ಅವನ ವರದಿ ನಿನಗೂ ಬರುತ್ತದಂತೆ. ಓದುವ ಅಗತ್ಯವೇನೂ ಇಲ್ಲ, ಬರೀ ಆಫೀಸಿನ ಭಾಷೆ. ಹಾಗೇ ಫೈಲಿಗೆ ಹಾಕಿಬಿಡು.

ಅಣ್ಣ


ಅಕ್ಟೋಬರ್ ೨೦

ಅಣ್ಣನವರಿಗೆ,

ವರದಿ ಬಂತು. ಓದಬೇಡ ಅಂದಿದ್ದೆಯಲ್ಲ, ಅದಕ್ಕೇ ನಿಂತಲ್ಲೇ ಓದಿದೆ. ನಿನಗೂ ಓದಿ ಹೇಳುತ್ತೇನೆ, ಕೇಳು.

'ಸ್ಥಳ ಪರಿಶೀಲಿಸಲಾಗಿ, ಮೇಲ್ಮಹಡಿಯ ರಸ್ತೆ ಬದಿಯ ಕೋಣೆಯಲ್ಲಿ ಬನಿಯನ್ ಧರಿಸಿದ ಪುರುಷರೊಬ್ಬರು ಮಂಚದ ಮೇಲೆ ಮಲಗಿದ್ದರು. ವಿಚಾರಿಸಲಾಗಿ, ತಾವು ಮನೆಯ ಯಜಮಾನರ ಭಾವಮೈದುನರೆಂದೂ ಆರು ವರ್ಷಗಳಿಂದ ಸದರಿ ಕೋಣೆಯಲ್ಲಿಯೇ ವಾಸವಿರುವುದಾಗಿಯೂ ತಿಳಿಸಿದರು. ಹಸಿರು ಟ್ರಂಕೊಂದರ ಮೇಲೆ ಲೋಟದ ನೀರಿನಲ್ಲಿ ಅವರ ಕಟ್ಟಿಸಿದ ಹಲ್ಲಿನ ಸೆಟ್ಟು ಇರಿಸಲಾಗಿತ್ತು. ಅರ್ಜಿದಾರಳಿಗೆ ಸೇರಿದ ಯಾವುದೇ ಕುರುಹು ಕಂಡುಬರಲಿಲ್ಲ. ಪ್ರಮಾಣಪತ್ರವು ಸತ್ಯವೆಂದು ಸಾಬೀತಾಗಿದ್ದು, ನೋಟೀಸನ್ನು ಕೈಬಿಡಲಾಗಿದೆ.'

ಆಡಿಟರ್ ಫೋನ್ ಮಾಡಿ ಹಲ್ಲು ಕಿರಿದ. "ಗೆದ್ರಿ ಮೇಡಂ! ಇಷ್ಟು ಕ್ಲೀನಾದ ಕೇಸು ನಾನು ನೋಡೇ ಇಲ್ಲ!" ಅಂದ. ಫೋನ್ ಇಟ್ಟು ಸಿಂಕಿನ ಹತ್ತಿರ ಹೋಗಿ ವಾಂತಿ ಮಾಡಿಕೊಂಡೆ.

ಮಂಚದ ಕಾಲು ಯಾಕೆ ಮುರಿಯಿತು ಅಂತ ಈಗ ಗೊತ್ತಾಯಿತು. ಎಂಥ ಗೆದ್ದಲಪ್ಪಾ, ಬನಿಯನ್ ಹಾಕಿಕೊಂಡು ಮಲಗುತ್ತದೆ! ಆರು ವರ್ಷ ಅತ್ತಿಗೆಯ ತಮ್ಮ ನನ್ನ ಮಂಚದ ಮೇಲೆ ಬಿದ್ದುಕೊಂಡಿದ್ದಾನೆ, ಆರು ವರ್ಷ ನೀನು ವಾರಕ್ಕೊಮ್ಮೆ ಕಿಟಕಿ ತೆಗೆದು ಗಾಳಿಯಾಡಿಸಿದೆ. ಸುಳ್ಳು ಪ್ರಮಾಣ ಹೇಗೆ ಮಾಡಲಿ ಅಂತ ಎರಡು ತಿಂಗಳು ನನ್ನ ಪ್ರಾಣ ಹಿಂಡಿದೆಯಲ್ಲ, ಅದೆಲ್ಲ ಯಾವ ನಾಟಕ? ನೋಟರಿಗೆ ನಿಜ ಹೇಳಿದೆ, ಇಲಾಖೆಗೆ ನಿಜ ಹೇಳಿದೆ. ಸುಳ್ಳು ಬರೆದದ್ದು ನನಗೊಬ್ಬಳಿಗೆ. ಕೈ ನಡುಗಲಿಲ್ಲವಂತೆ. ಹೇಗೆ ನಡುಗೀತು?

ದಿನವಿಡೀ ಇಲ್ಲಿ ಕಂಡವರ ಹಲ್ಲಿನ ಸೆಟ್ಟು ಹಿಡಿದು ಬದುಕುತ್ತೇನೆ. ಎಂದಾದರೂ ಒಂದು ದಿನ ಇದೆಲ್ಲ ತೊಳೆದುಕೊಂಡು ನನ್ನ ಕೋಣೆಗೆ ಹೋಗಿ ಮಲಗುತ್ತೇನೆ ಅಂದುಕೊಂಡಿದ್ದೆ. ನನ್ನ ಟ್ರಂಕಿನ ಮೇಲೆ ಅವನ ಹಲ್ಲು! ಛೀ! ಆ ಟ್ರಂಕು ನನ್ನ ತಂಗಿಯದು ಅಂತ ಇನ್‌ಸ್ಪೆಕ್ಟರ್ ಹತ್ತಿರ ಒಂದು ಮಾತು ಹೇಳಲಿಕ್ಕೂ ನಿನಗೆ ಬಾಯಿ ಬರಲಿಲ್ಲವೇ? ಹೇಳಿದ್ದರೆ ನಾನು ಕೇಸು ಸೋಲುತ್ತಿದ್ದೆ, ಗೊತ್ತು. ಆದರೂ ಹೇಳಬೇಕಿತ್ತು.

ಇಲ್ಲಿಗೆ ನಿಲ್ಲಿಸುತ್ತೇನೆ.


ನವೆಂಬರ್ ೫

ಪುಟ್ಟಿ,

ಹತ್ತು ದಿನಕ್ಕೆ ಅಂತ ಬಂದ ಕಣೇ. ಹೆಂಡತಿ ಬಿಟ್ಟು ಹೋದಳು ಅಂತ ಮಗುವಿನ ಹಾಗೆ ಅಳುತ್ತಾ ಬಂದ. ನೀನು ಹೇಗೂ ಇರಲಿಲ್ಲ, ಮಲಗಲಿ ಅಂದೆ. ಆಮೇಲೆ ಝಂಡಾ ಊರಿಬಿಟ್ಟ. ಎದ್ದು ಹೋಗು ಅಂದರೆ ನಿನ್ನ ಅತ್ತಿಗೆ ಊಟ ಬಿಡುತ್ತಾಳೆ. ನಿನಗೆ ಹೇಳಬೇಕು ಅಂತ ಪ್ರತಿ ಕಾಗದಕ್ಕೂ ಅಂದುಕೊಳ್ಳುತ್ತಿದ್ದೆ, ಬರೆಯುವಾಗ ಕಿಟಕಿ, ಕನ್ನಡಿ ಅಂತ ಏನೇನೋ ಬರುತ್ತಿತ್ತು.

ನನಗೇನು ಅವನನ್ನು ಕಂಡರೆ ಪ್ರೀತಿಯೇ? ಕೆಮ್ಮಿ ಕೆಮ್ಮಿ ಕಿಟಕಿಯಿಂದ ಉಗುಳುತ್ತಾನೆ, ಕೆಳಗೆ ನಮ್ಮ ಬೀಗದ ಅಂಗಡಿಯ ಬೋರ್ಡಿನ ಮೇಲೆ ಬೀಳುತ್ತದೆ. ದಿನಾ ಬೆಳಗ್ಗೆ ಬಟ್ಟೆ ತೆಗೆದುಕೊಂಡು ಒರೆಸುವವನು ನಾನು. ಒರೆಸುವಾಗೆಲ್ಲ ಇವತ್ತು ಹೇಳಿಬಿಡುತ್ತೇನೆ ಅಂದುಕೊಳ್ಳುತ್ತೇನೆ, ಮೇಲೆ ಹತ್ತಿ ಹೋದರೆ "ಬಾವಾ, ಟೀ ಆಯ್ತಾ?" ಅನ್ನುತ್ತಾನೆ. ಬರುವ ತಿಂಗಳು ಖಂಡಿತ ಮಾತಾಡುತ್ತೇನೆ. ನೀನೇನು ಈಗಲೇ ಬರುವುದಿಲ್ಲವಲ್ಲ?

ಟ್ರಂಕು ಕೆಳಗೆ ಅಂಗಡಿಗೆ ತಂದಿದ್ದೇನೆ. ತೊಳೆದಿದ್ದೇನೆ.

ಅಣ್ಣ


ಡಿಸೆಂಬರ್ ೧

ಪುಟ್ಟಿ,

ನನ್ನ ಕಾಗದ ವಾಪಸು ಬಂತು. 'ಈ ವಿಳಾಸದಲ್ಲಿ ಇಲ್ಲ' ಅಂತ ಮುದ್ರೆ ಹೊಡೆದಿದ್ದಾರೆ. ಅದನ್ನೇ ಒಳಗಿಟ್ಟು ಲ್ಯಾಬಿನ ವಿಳಾಸಕ್ಕೆ ಕಳಿಸುತ್ತಿದ್ದೇನೆ, ಮೇಲ್ವಿಚಾರಕಿಯನ್ನು ಅಲ್ಲಿ ಎಲ್ಲರೂ ಬಲ್ಲರು ತಾನೇ? ಫೋನ್ ಹತ್ತುತ್ತಿಲ್ಲ. ಬೈದು ಒಂದು ಸಾಲು ಬರಿ, ಸಾಕು. ಎಲ್ಲಿದ್ದೀ?

ಅಣ್ಣ


ಡಿಸೆಂಬರ್ ೧೮

ಅಣ್ಣಾ,

ಲಕೋಟೆಯ ಮೇಲಿನ ಮುದ್ರೆ ನೋಡು. ನಿನ್ನ ಊರಿನದೇ. ನಿನ್ನೆಯಿಂದ ಬಸ್ ಸ್ಟ್ಯಾಂಡಿನ ಹಿಂದಿನ ಲಾಡ್ಜಿನಲ್ಲಿದ್ದೇನೆ. ಲ್ಯಾಬಿಗೆ ಹಾಕಿದ ಕಾಗದ ಹೊರಡುವ ದಿನ ಬಾಕಿ ಸಂಬಳಕ್ಕೆ ಅಲ್ಲಿಗೆ ಹೋದಾಗ ಸಿಕ್ಕಿತು, ಒಳಗಿಟ್ಟದ್ದನ್ನೂ ಓದಿದೆ.

ನಾನು ಮೇಲ್ವಿಚಾರಕಿ ಆಗಿರಲಿಲ್ಲ. ಹಲ್ಲು ಕೂರಿಸುವ ಅಂಟಿನ ನೀರು ನನ್ನ ಕೈಗೆ ಆಗಿಬರಲಿಲ್ಲ. ಬೆರಳ ತುದಿಗಳು ಸೀಳಿ ರಕ್ತ ಬರುತ್ತದೆ, ಮೇಣದ ಕತ್ತಿ ಹಿಡಿಯಲಾಗುವುದಿಲ್ಲ. ಪೆನ್ನೂ ಅಷ್ಟೆ. ಯಾವ ಬಸ್ಸಿನಲ್ಲೂ ಕೂತು ಬರೆದಿಲ್ಲ. ಅಕ್ಟೋಬರಿಗೆ ಕೆಲಸ ಹೋಯಿತು, ಕೆಲಸದ ಜೊತೆ ಅಲ್ಲಿರುವ ಪರವಾನಗಿಯೂ. ಹತ್ತು ವರ್ಷ ಗಟ್ಟಿಯಾಗಿ ನಿಲ್ಲು ಅಂತ ನೀನು ಬರೆದಾಗ ಅದು ಪ್ರೀತಿ ಅಂದುಕೊಂಡಿದ್ದೆ.

ನಿನ್ನೆ ಮಧ್ಯಾಹ್ನ ನಿನ್ನ ಅಂಗಡಿಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದೆ. ನೀನು ಕನ್ನಡಕ ಹಣೆಗೆ ಏರಿಸಿಕೊಂಡು ಒಂದು ಕೀ ಉಜ್ಜುತ್ತಿದ್ದೆ. ತಲೆಯೆತ್ತಿ ನನ್ನನ್ನೇ ನೋಡಿದೆ, ಗಿರಾಕಿ ಅಲ್ಲ ಅಂತ ಮತ್ತೆ ತಲೆ ತಗ್ಗಿಸಿದೆ. ಮೇಲೆ ನನ್ನ ಕಿಟಕಿಯಲ್ಲಿ ಅವನ ಬನಿಯನ್‌ಗಳು ಸಾಲಾಗಿ ಒಣಗುತ್ತಿದ್ದವು. ಕೂಗಬೇಕು ಅನ್ನಿಸಿತು. ಅದರ ಹಿಂದೆಯೇ ಅಷ್ಟೇ ಅಸಹ್ಯವೂ ಆಯಿತು, ನಡೆದುಕೊಂಡು ಲಾಡ್ಜಿಗೆ ಬಂದೆ.

ಇಲ್ಲಿಯ ರಿಜಿಸ್ಟರಿನಲ್ಲೂ ಖಾಯಂ ವಿಳಾಸ ಕೇಳಿದರು. ಇಲ್ಲ ಅಂದೆ. "ಹಾಗಂದ್ರೆ ರೂಮ್ ಕೊಡಕ್ಕಾಗಲ್ಲ ಮೇಡಂ, ಏನಾದ್ರೂ ಒಂದು ಬರೀರಿ" ಅಂದ. ನಿನ್ನ ಮನೆಯದೇ ಬರೆದೆ, ಬೇರೆ ಯಾವುದೂ ನನಗೆ ಬಾಯಿಪಾಠ ಇಲ್ಲ. ಬೆಳಗ್ಗೆ ಆಡಿಟರ್ ಹತ್ತಿರ ಹೋಗಿ ನಾನು ಇನ್ನು ಇಲ್ಲಿಯವಳು, ಇಲ್ಲಿಯ ರಿಟರ್ನ್ ನಾನೇ ಹಾಕುತ್ತೇನೆ ಅಂತ ಹೇಳಿ ಬಂದೆ. "ಎಲ್ಲಿ ಇಳ್ಕೊಂಡಿದ್ದೀರಿ ಮೇಡಂ? ಅಣ್ಣನ ಮನೇಲಾ?" ಅಂತ ಹೆಬ್ಬೆರಳು ನೆಕ್ಕಿದ. ಲಾಡ್ಜಿನ ಹೆಸರು ಬರೆಸಿದೆ. ಬರುವ ತಿಂಗಳಿಂದ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಬಾಡಿಗೆಗೆ ಒಂದು ಕೋಣೆ ನೋಡಿದ್ದೇನೆ. ಸಣ್ಣದು, ಆದರೆ ಕಿಟಕಿ ಇದೆ.

ನಿನ್ನ ಮೇಲಿನ ಹೇಸಿಗೆ ಇನ್ನೂ ಹೋಗಿಲ್ಲ, ಯಾವಾಗ ಹೋಗುತ್ತದೋ ಗೊತ್ತಿಲ್ಲ. ಆದರೂ ಈ ಕಾಗದ ಕೈಗೆ ಬಂದ ದಿನ ಅಂಗಡಿ ಮುಚ್ಚಿದ ಮೇಲೆ ಲಾಡ್ಜಿಗೆ ಬಾ. ಟ್ರಂಕು ತೆಗೆದುಕೊಂಡು ಬಾ. ಆ ಹೊಸ ಕೋಣೆಯ ಬಾಗಿಲಿಗೆ ಒಂದು ಒಳ್ಳೆಯ ಬೀಗವೂ ಬೇಕು. ಅದಕ್ಕೆ ಒಂದೇ ಕೀ ಇರಲಿ, ಎರಡನೆಯದು ಉಜ್ಜಬೇಡ.

ಪುಟ್ಟಿ